ಕೊಲರಾಡೋದ ಕಂದು ಹಲ್ಲು, ಪಾವಗಡದ ಬೋರ್‌ವೆಲ್ ನೀರು

ಇವತ್ತು ಬರೀತಿರೋದು ಹಲ್ಲಿನ ಬಗ್ಗೆ. "ಕೋಡು ಬರ್ಕೊಂಡು ಇರೋನಿಗೆ ಹಲ್ಲಿನ ಉಸಾಬರಿ ಯಾಕಪ್ಪಾ" ಅಂತ ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ, ಇದು ದಂತವೈದ್ಯದ ಪಾಠ ಅಲ್ಲ. ಇತಿಹಾಸದ ಕಥೆ. ಪತ್ತೇದಾರಿ ಕಥೆ ಅಂದ್ರೂ ಸರಿಯೇ. ಶುರುವಾಗೋದು 1901ರ ಅಮೆರಿಕಾದಲ್ಲಿ. ಮುಗಿಯೋದು... ಇನ್ನೂ ಮುಗಿದಿಲ್ಲ, ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಹತ್ತಿರ ನಡೀತಾನೇ ಇದೆ. ಇದರ ನಾಯಕ ಒಂದೇ ಒಂದು ಪ್ರಶ್ನೆಯ ಬೆನ್ನು ಹತ್ತಿ ಮೂವತ್ತು ವರ್ಷ ಅಲೆದವನು. ಎರಡು ದಿನ ಹುಡುಕಿ ಬಗ್ ಸಿಗದಿದ್ದರೆ "ನಮ್ಮ ಮೆಶೀನಿನಲ್ಲಿ ಬರ್ತಾ ಇಲ್ಲ" ಅಂತ ಬರೆದು ಕೈತೊಳೆದುಕೊಳ್ಳುವ ಜಾತಿಗೆ ಸೇರಿದವನು ನಾನು. ಹಾಗಾಗಿ ಈ ಮನುಷ್ಯನ ಮೇಲೆ ನಂಗೆ ಸ್ವಲ್ಪ ಹೆಚ್ಚೇ ಗೌರವ :-)

ಅವನ ಹೆಸರು ಫ್ರೆಡೆರಿಕ್ ಮೆಕೇ. 1900ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ದಂತವೈದ್ಯ ಓದು ಮುಗಿಸಿ, 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಅನ್ನೋ ಊರಿಗೆ ಬಂದು ಕ್ಲಿನಿಕ್ ತೆರೆದ. ಪೈಕ್ಸ್ ಪೀಕ್ ಎಂಬ ದೊಡ್ಡ ಬೆಟ್ಟದ ಬುಡದಲ್ಲಿರುವ ಊರದು. ಬಂದವನಿಗೆ ಮೊದಲು ಕಣ್ಣಿಗೆ ಬಿದ್ದಿದ್ದು ಅಲ್ಲಿನವರ ಹಲ್ಲು. ಕೆಲವರದ್ದು ಸೀಮೆಸುಣ್ಣದ ಹಾಗೆ ಹೊಳಪಿಲ್ಲದ ಬಿಳಿ ಮಚ್ಚೆ. ಕೆಲವರದ್ದು ಚಾಕೊಲೇಟಿನಷ್ಟು ಕಂದು. ಉಜ್ಜಿದರೆ ಹೋಗುವ ಕೊಳೆ ಅಲ್ಲ, ಹಲ್ಲಿನ ಒಳಗೇ ಕೂತ ಬಣ್ಣ. ಮೆಕೇ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ, ಎಲ್ಲೂ ಇದರ ಸುದ್ದಿಯೇ ಇಲ್ಲ. ಊರವರನ್ನು ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಕಾರಣ. ಹಂದಿಮಾಂಸ ಜಾಸ್ತಿ ತಿಂದಿದ್ದಕ್ಕೆ ಅಂತ ಒಬ್ಬರು, ಕಳಪೆ ಹಾಲು ಕುಡಿದಿದ್ದಕ್ಕೆ ಅಂತ ಇನ್ನೊಬ್ಬರು, ನೀರಿನಲ್ಲಿ ಸುಣ್ಣ ಜಾಸ್ತಿ ಅಂತ ಮತ್ತೊಬ್ಬರು. ಊರಿನ ಉಳಿದ ದಂತವೈದ್ಯರಿಗೆ ಅದು ದಿನಾ ನೋಡಿ ನೋಡಿ ಸಾಮಾನ್ಯವಾಗಿ ಹೋಗಿತ್ತು. 'ಕೊಲರಾಡೋ ಬ್ರೌನ್ ಸ್ಟೇನ್' ಅಂತ ಹೆಸರೊಂದು ಇತ್ತು, ಅಷ್ಟೇ. ಹೆಸರು ಇಟ್ಟಾದ ಮೇಲೆ ಕಾರಣ ಯಾರಿಗೆ ಬೇಕು ಹೇಳಿ!

ತಮಾಷೆ ಅಂದ್ರೆ ಅದೇ 1901ರಲ್ಲಿ ಸಮುದ್ರದ ಆ ಕಡೆ, ಇಟಲಿಯ ನೇಪಲ್ಸ್ ಬಂದರಿನಲ್ಲಿ ಜೆ. ಎಂ. ಈಗರ್ ಎಂಬ ಅಮೆರಿಕಾ ಸರ್ಕಾರದ ವೈದ್ಯರೊಬ್ಬರು ಇಂಥದ್ದೇ ಹಲ್ಲುಗಳ ಬಗ್ಗೆ ವರದಿ ಬರೆದಿದ್ದರು. ಅಮೆರಿಕಾಕ್ಕೆ ವಲಸೆ ಹೊರಟವರ ಆರೋಗ್ಯ ನೋಡೋದು ಅವರ ಕೆಲಸ. ಪೊಟ್ಸುವೋಲಿ ಸುತ್ತಮುತ್ತಲಿನಿಂದ ಬಂದವರ ಹಲ್ಲು ಕಪ್ಪು ಕಪ್ಪಾಗಿ, ಮೇಲೆ ಏನೋ ಗೀಚಿದ ಹಾಗೆ ಇರ್ತಿತ್ತು. ಅದು ಜ್ವಾಲಾಮುಖಿಗಳ ಸೀಮೆ. ನೆಲದೊಳಗಿನ ಬೆಂಕಿಗೂ ಈ ಹಲ್ಲಿಗೂ ಏನೋ ಸಂಬಂಧ ಇದೆ ಅನ್ನೋದು ಅಲ್ಲಿನವರ ನಂಬಿಕೆ. ಒಂದೇ ವರ್ಷ, ಎರಡು ಊರು, ಒಂದೇ ಹಲ್ಲು. ಆದರೆ ಮೆಕೇಗೆ ಈಗರ್ ವಿಷಯ ಗೊತ್ತಿಲ್ಲ, ಈಗರ್‌ಗೆ ಮೆಕೇ ವಿಷಯ ಗೊತ್ತಿಲ್ಲ. ಗೂಗಲ್ ಇಲ್ಲದ ಕಾಲ ಸ್ವಾಮಿ.

ಮೆಕೇ ಸುಮ್ಮನೆ ಕೂರಲಿಲ್ಲ. ಆ ಕಾಲದ ಅಮೆರಿಕಾದ ದಂತವೈದ್ಯರಲ್ಲೆಲ್ಲ ಹೆಸರುವಾಸಿಯಾಗಿದ್ದ ಜಿ. ವಿ. ಬ್ಲ್ಯಾಕ್ ಅವರಿಗೆ ಪತ್ರ ಬರೆದ. ಹುಳುಕು ಹಲ್ಲನ್ನು ಯಾವ ಕ್ರಮದಲ್ಲಿ ಕೊರೆದು ತುಂಬಬೇಕು ಅಂತ ನಿಯಮ ಮಾಡಿಕೊಟ್ಟವರು ಇದೇ ಬ್ಲ್ಯಾಕ್, ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದವರು. ಇಂಥದ್ದೊಂದು ಇದ್ದು ಯಾರೂ ಬರೆದಿಲ್ಲ ಅಂದ್ರೆ ಹೇಗೆ ಅಂತ ಅವರಿಗೆ ಮೊದಮೊದಲು ಅನುಮಾನ. ಕೊನೆಗೆ 1909ರಲ್ಲಿ ತಾವೇ ಕೊಲರಾಡೋಗೆ ಬಂದರು. ಅಷ್ಟರಲ್ಲಿ ಮೆಕೇ ಮತ್ತು ಜೊತೆಯವರು ಊರಿನ ಶಾಲೆಗಳಿಗೆಲ್ಲ ಹೋಗಿ ಮಕ್ಕಳ ಬಾಯಿ ತೆರೆಸಿ ನೋಡಿ ಲೆಕ್ಕ ಹಾಕಿದ್ದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹತ್ತಿರತ್ತಿರ ಶೇಕಡಾ 90ರಷ್ಟು ಮಂದಿಗೆ ಆ ಮಚ್ಚೆ! ಬ್ಲ್ಯಾಕ್ ದಂಗಾದರು. ಅಲ್ಲಿಂದ 1915ರಲ್ಲಿ ತೀರಿಕೊಳ್ಳುವವರೆಗೂ ಇದರ ಮೇಲೆ ಕೆಲಸ ಮಾಡಿದರು. ಆ ಹಲ್ಲುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಪ್ರಬಂಧ ಅವರು ಹೋದ ಮೇಲೆ, 1916ರಲ್ಲಿ ಅಚ್ಚಾಯಿತು.

ಅವರಿಬ್ಬರೂ ಕಂಡುಕೊಂಡಿದ್ದು ಮುಖ್ಯವಾಗಿ ಎರಡು ವಿಷಯ.

ಒಂದು, ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಏನೂ ಆಗಲ್ಲ. ಇಪ್ಪತ್ತು ವರ್ಷ ಇದ್ದರೂ ಹಲ್ಲು ಮೊದಲಿನ ಹಾಗೇ. ಕಲೆ ಬೀಳೋದು ಅಲ್ಲೇ ಹುಟ್ಟಿದವರಿಗೆ, ಇಲ್ಲಾ ತೀರಾ ಚಿಕ್ಕಂದಿನಲ್ಲಿ ಬಂದವರಿಗೆ ಮಾತ್ರ.

ಎರಡು, ನೋಡೋಕೆ ಅಷ್ಟು ಕೆಟ್ಟದಾಗಿದ್ದರೂ ಆ ಹಲ್ಲುಗಳಿಗೆ ಹುಳುಕು ಹಿಡಿಯೋದು ಕಡಿಮೆ. ಹುಳ ತಿಂದ ಹಾಗೆ ಕಾಣುವ ಹಲ್ಲಿಗೆ ಹುಳುಕೇ ಇಲ್ಲ. ಇದೆಂಥ ವಿಚಿತ್ರ!

ಎರಡನೆಯದಕ್ಕೆ ಆಮೇಲೆ ಬರೋಣ. ಮೊದಲನೆಯದು ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಹಲ್ಲಿನ ಮೇಲಿನ ಆ ಹೊಳೆಯುವ ಪದರ, ಎನಾಮೆಲ್, ಹೇಗೆ ತಯಾರಾಗುತ್ತೆ ಅಂತ ನೋಡಬೇಕು. ನಂಗಂತೂ ಈ ಇಡೀ ಕಥೆಯಲ್ಲಿ ಅತೀ ಇಷ್ಟವಾದ ಭಾಗ ಇದೇ. ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ನಮ್ಮ ಮೈಯಲ್ಲಿ ಎನಾಮೆಲ್‌ಗಿಂತ ಗಟ್ಟಿಯಾದ ವಸ್ತು ಇಲ್ಲ. ತೂಕದಲ್ಲಿ ಶೇಕಡಾ 96ರಷ್ಟು ಬರೀ ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಹರಳುಗಳು. ಉಳಿದಿದ್ದು ಒಂಚೂರು ನೀರು, ಒಂಚೂರು ಪ್ರೋಟೀನು. ಒಂಥರಾ ಕಲ್ಲೇ ಅನ್ನಿ. ಆದರೆ ಈ ಕಲ್ಲನ್ನು ಕಟ್ಟೋದು ಮೆತ್ತಗಿನ ಜೀವಕೋಶಗಳು, ಅಮೆಲೋಬ್ಲಾಸ್ಟ್ ಅಂತ ಅವುಗಳ ಹೆಸರು. ಹಲ್ಲು ಇನ್ನೂ ಒಸಡಿನ ಒಳಗೆ, ದವಡೆಯಲ್ಲಿ ಮೊಗ್ಗಿನ ಹಾಗೆ ಇರುವಾಗ ಈ ಕೋಶಗಳು ಸಾಲಾಗಿ ನಿಂತು ಕೆಲಸ ಶುರುಮಾಡ್ತವೆ.

ಕೆಲಸ ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಅಮೆಲೋಬ್ಲಾಸ್ಟ್‌ಗಳು ಅಮೆಲೋಜೆನಿನ್ ಅನ್ನೋ ಪ್ರೋಟೀನನ್ನು, ಜೊತೆಗೆ ಇನ್ನೊಂದೆರಡು ಪ್ರೋಟೀನುಗಳನ್ನು ಸುರಿಸುತ್ತಾ ಹಿಂದೆ ಹಿಂದೆ ಸರಿಯುತ್ತವೆ. ಮನೆ ನೆಲ ಸಾರಿಸುವವರು ಸಾರಿಸುತ್ತಾ ಬಾಗಿಲ ಕಡೆ ಹಿಂದೆ ಹೋಗ್ತಾರಲ್ಲ, ಥೇಟ್ ಹಾಗೆ. ಆ ಪ್ರೋಟೀನಿನ ಲೋಳೆಯೊಳಗೆ ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ, ಉದ್ದುದ್ದ ಹರಳಿನ ಎಳೆಗಳು ಮೂಡ್ತವೆ. ದಿನಕ್ಕೆ ಸುಮಾರು 4 ಮೈಕ್ರಾನ್ ದಪ್ಪ. ಲೆಕ್ಕ ಹಾಕಿ ನೋಡಿ, ಹಲ್ಲಿನ ತುದಿಯಲ್ಲಿ ಎನಾಮೆಲ್ 2 ಮಿಲಿಮೀಟರ್ ದಪ್ಪ ಇದ್ದರೆ ಅದು 2000 ಮೈಕ್ರಾನ್. ಅಂದ್ರೆ ಸುಮಾರು 500 ದಿನದ ಕೆಲಸ. ಅದೂ ಒಂದು ದಿನವೂ ರಜೆ ಹಾಕದೆ!

ಈ ಹಂತ ಮುಗಿದಾಗ ಎನಾಮೆಲ್‌ಗೆ ಆಕಾರ ಬಂದಿರುತ್ತೆ, ದಪ್ಪವೂ ಬಂದಿರುತ್ತೆ, ಆದರೆ ಗಟ್ಟಿ ಇರಲ್ಲ. ಮೂರನೇ ಒಂದು ಭಾಗದಷ್ಟು ಮಾತ್ರ ಖನಿಜ, ಉಳಿದಿದ್ದು ಪ್ರೋಟೀನು, ನೀರು. ಇನ್ನೂ ಗಿಣ್ಣಿನ ಹಾಗೆ. ಈಗ ಎರಡನೇ ಹಂತ, ಮಾಗುವ ಹಂತ. ಇಲ್ಲಿ ಅವೇ ಜೀವಕೋಶಗಳು ರೂಪ ಬದಲಿಸಿಕೊಂಡು ಗಿಡ್ಡಗಾಗ್ತವೆ. ಈ ಹೊತ್ತಿಗೆ ಅವುಗಳಲ್ಲಿ ಸುಮಾರು ಕಾಲು ಭಾಗ ಸತ್ತೇ ಹೋಗಿರ್ತವೆ. ಉಳಿದವು ತಾವೇ ಸುರಿಸಿದ ಪ್ರೋಟೀನನ್ನು ಕಿಣ್ವಗಳಿಂದ ಕತ್ತರಿಸಿ ಕತ್ತರಿಸಿ ಹೊರಗೆ ತೆಗೀತವೆ. ಪ್ರೋಟೀನು ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ನುಗ್ಗುತ್ತೆ. ಹರಳುಗಳು ದಪ್ಪ ಆಗ್ತಾ ಆಗ್ತಾ ಒಂದಕ್ಕೊಂದು ಒತ್ತಿಕೊಳ್ತವೆ. ಕಟ್ಟಡಕ್ಕೆ ಹಾಕಿದ ಸೆಂಟ್ರಿಂಗನ್ನು ಬಿಚ್ಚಿದ ಹಾಗೆ ಅನ್ನಬಹುದು. ಆದರೆ ಇಲ್ಲಿ ಸೆಂಟ್ರಿಂಗ್ ಬಿಚ್ಚಿದರೇನೇ ಕಾಂಕ್ರೀಟು ಗಟ್ಟಿಯಾಗೋದು.

ಇಲ್ಲೊಂದು ತೊಡಕೂ ಇದೆ. ಹರಳು ಬೆಳೆಯುವಾಗ ಆಮ್ಲ ಹೊರಬರುತ್ತೆ. ರಸಾಯನಶಾಸ್ತ್ರದ ಸಮೀಕರಣ ಬರೆದು ನೋಡಿದರೆ ಹೈಡ್ರಾಕ್ಸಿಅಪಟೈಟಿನ ಒಂದು ಘಟಕ ಆಗೋಷ್ಟರಲ್ಲಿ 8 ಪ್ರೋಟಾನು ಬಿಡುಗಡೆಯಾಗುತ್ತೆ. ಆಮ್ಲದಲ್ಲಿ ಇದೇ ಹರಳು ಕರಗಿಯೂ ಹೋಗುತ್ತೆ. ಅದಕ್ಕೇ ಜೀವಕೋಶಗಳು ಬೈಕಾರ್ಬನೇಟ್ ಸುರಿಸಿ ಆಮ್ಲವನ್ನು ತಣಿಸುತ್ತಾ ಇರಬೇಕು. ನಮ್ಮ ಅಡುಗೆ ಸೋಡಾ ಇದೆಯಲ್ಲ, ಅದೇ ಕುಟುಂಬ. ಖನಿಜ ತುಂಬು, ಆಮ್ಲ ತಣಿಸು, ಪ್ರೋಟೀನು ತೆಗೆ. ಹೀಗೆ ತಿಂಗಳು ತಿಂಗಳು, ಹಲ್ಲಿಗೆ ತಕ್ಕ ಹಾಗೆ ವರ್ಷಗಟ್ಟಲೆ ನಡೆಯೋ ಕೆಲಸ.

ಎಲ್ಲ ಮುಗಿದ ಮೇಲೆ ಹಲ್ಲು ಒಸಡು ಸೀಳಿಕೊಂಡು ಹೊರಗೆ ಬರುತ್ತೆ. ಆಗ ಈ ಜೀವಕೋಶಗಳ ಕಥೆ ಮುಗೀತು. ಒಂದೂ ಉಳಿಯಲ್ಲ. ಮೂಳೆ ಮುರಿದರೆ ಕೂಡುತ್ತೆ, ಚರ್ಮ ಹರಿದರೆ ಬೆಳೆಯುತ್ತೆ. ಎನಾಮೆಲ್ ಮಾತ್ರ ಹೋದರೆ ಹೋಯಿತು, ಮಾಡುವವರೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ಲಾಗ್ ಫೈಲು. ಒಂದು ಸಲ ಬರೆದಾಯ್ತು, ಆಮೇಲೆ ತಿದ್ದೋಕೆ ಯಾರಿಗೂ ಪರ್ಮಿಷನ್ ಇಲ್ಲ.

ಲಾಗ್ ಫೈಲು ಅಂದಿದ್ದು ಬರೀ ಉಪಮೆಗೆ ಅಲ್ಲ. ದಿನದಿನದ ಕೆಲಸಕ್ಕೆ ಎನಾಮೆಲ್ ಒಳಗೆ ದಿನಕ್ಕೊಂದು ಗೆರೆ ನಿಜವಾಗಿಯೂ ಇರುತ್ತೆ. ಅದಲ್ಲದೆ ಸುಮಾರು 8-9 ದಿನಕ್ಕೊಂದು ದಪ್ಪ ಗೆರೆ. ಈ ದಪ್ಪ ಗೆರೆಗಳನ್ನು ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್ 1837ರಲ್ಲೇ ವರ್ಣಿಸಿದ್ದ, ಈಗಲೂ ಅವು ಅವನ ಹೆಸರಲ್ಲೇ ಇವೆ. ಮರದ ಕಾಂಡದ ಉಂಗುರಗಳ ಹಾಗೆ. ಮಗು ಹುಟ್ಟಿದ ದಿನದ್ದೂ ಒಂದು ಗೆರೆ ಹಾಲುಹಲ್ಲಿನಲ್ಲಿ ಇರುತ್ತೆ. ತಾಯಿಯ ಹೊಟ್ಟೆಯಿಂದ ಹೊರಗೆ ಬಂದ ಆ ಏರುಪೇರು ಕೂಡ ಅಲ್ಲಿ ದಾಖಲು. ಶಿಕಾಗೋದ ಐಸಾಕ್ ಷೌರ್ 1936ರಲ್ಲಿ ಇದರ ಬಗ್ಗೆ ಬರೆದ. ಮಗು ಹುಟ್ಟಿ ಸ್ವಲ್ಪ ದಿನವಾದರೂ ಬದುಕಿತ್ತೇ ಅಂತ ತಿಳಿಯೋಕೆ ಈ ಗೆರೆ ಇದೆಯೋ ಇಲ್ಲವೋ ನೋಡ್ತಾರೆ. ಓದಿದಾಗ ಮೈ ಜುಂ ಅಂದಿತ್ತು ನಂಗೆ.

ಈಗ ಕೊಲರಾಡೋಗೆ ವಾಪಸ್ ಬನ್ನಿ. ಶಾಶ್ವತವಾದ ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳು, ನಕ್ಕರೆ ಮೊದಲು ಕಾಣೋದು ಅವೇ, ಮಗುವಿಗೆ ಮೂರ್ನಾಲ್ಕು ತಿಂಗಳಾದಾಗ ಒಳಗೊಳಗೇ ಖನಿಜ ಕಟ್ಟೋಕೆ ಶುರು. 4-5 ವರ್ಷಕ್ಕೆ ಎನಾಮೆಲ್ ಕೆಲಸ ಮುಗಿಯುತ್ತೆ. ಬಾಯಲ್ಲಿ ಕಾಣಿಸೋದು ಏಳರ ಆಸುಪಾಸಿನಲ್ಲಿ, ಹಾಲುಹಲ್ಲು ಬಿದ್ದ ಮೇಲೆ. ಅಂದ್ರೆ ಎರಡು ವರ್ಷದ ಮಗು ಇವತ್ತು ಏನು ಕುಡೀತೋ ಅದರ ಫಲ ಕಾಣೋದು ಐದು ವರ್ಷ ಬಿಟ್ಟು. ತಪ್ಪು ಆಗಿದ್ದು ಒಂದು ಕಾಲದಲ್ಲಿ, ಎರರ್ ಮೆಸೇಜು ಬಂದಿದ್ದು ಇನ್ನೊಂದು ಕಾಲದಲ್ಲಿ. ಏಳು ವರ್ಷದ ಹುಡುಗನನ್ನು ಕೂರಿಸಿಕೊಂಡು "ಏನೋ ತಿಂದೆ, ಸರಿಯಾಗಿ ಉಜ್ಜಲ್ವಾ" ಅಂತ ಬೈದರೆ ಏನು ಪ್ರಯೋಜನ? ಬ್ಲ್ಯಾಕ್ ಮತ್ತು ಮೆಕೇ ತೋರಿಸಿಕೊಟ್ಟಿದ್ದು ಇದನ್ನೇ. ಇದು ಹಲ್ಲಿಗೆ ಆಮೇಲೆ ಅಂಟಿದ ರೋಗ ಅಲ್ಲ, ಹಲ್ಲು ಕಟ್ಟುವಾಗಲೇ ಆದ ಎಡವಟ್ಟು. ಕಟ್ಟಿ ಮುಗಿದ ಹಲ್ಲಿಗೆ ಏನೂ ಆಗಲ್ಲ, ಅದಕ್ಕೇ ದೊಡ್ಡವರು ಪಾರು.

ಹಾಗಾದರೆ ಎಡವಟ್ಟು ಮಾಡಿದ್ದು ಯಾವುದು? ಮೆಕೇಗೆ ಕುಡಿಯುವ ನೀರಿನ ಮೇಲೆ ಅನುಮಾನ ಇತ್ತು. ಆದರೆ ನೀರನ್ನು ಪರೀಕ್ಷೆಗೆ ಕೊಟ್ಟರೆ ಎಲ್ಲ ಸರಿ ಇದೆ ಅಂತಲೇ ಬರೋದು.

1923ರಲ್ಲಿ ಐಡಹೋ ರಾಜ್ಯದ ಓಕ್ಲಿ ಎಂಬ ಪುಟ್ಟ ಊರಿನಿಂದ ಕರೆ ಬಂತು. ಅಲ್ಲಿನ ತಾಯಂದಿರು ಹೇಳಿದ್ದು: ಈ ಕಲೆ ಮೊದಲು ಇರಲಿಲ್ಲ, ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿಸಿದ ಮೇಲೆ ಬಂತು. ಪರೀಕ್ಷೆ ಮಾಡಿಸಿದರೆ ಅದರಲ್ಲೂ ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ. ಆದರೂ ಮೆಕೇ ಹೇಳಿದ, ಆ ಪೈಪು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ. 1925ರಲ್ಲಿ ಊರವರು ಹಾಗೇ ಮಾಡಿದರು. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಚಿಕ್ಕ ಮಕ್ಕಳ ಹೊಸ ಹಲ್ಲು ಬೆಳ್ಳಗೆ! ದೊಡ್ಡ ಮಕ್ಕಳದ್ದು ಹಾಗೇ ಉಳಿದಿತ್ತು, ಅವರ ಲಾಗ್ ಆಗಲೇ ಬರೆದಾಗಿತ್ತಲ್ಲ. ಕಾರಣ ಏನು ಅಂತ ಗೊತ್ತಾಗುವ ಮೊದಲೇ ಒಂದು ಊರಿನ ಮಕ್ಕಳು ಬಚಾವಾದರು. ತಾಯಂದಿರ ಮಾತಿಗೆ ಕಿವಿಗೊಟ್ಟಿದ್ದರಿಂದ ಆದ ಲಾಭ ಇದು. ಲ್ಯಾಬ್ ರಿಪೋರ್ಟ್ ಕ್ಲೀನ್ ಇದೆ ಅಂತ ಅವನು ವಾಪಸ್ ಹೊರಟಿದ್ದರೆ?

ಮುಂದೆ ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರು. ಹೆಸರೇ ಹೇಳೋ ಹಾಗೆ ಅಲ್ಯೂಮಿನಿಯಂ ಅದಿರಿನ ಗಣಿ, ಆಲ್ಕೋವಾ ಕಂಪೆನಿಯ ಊರು. ಇಲ್ಲಿ 1909ರಲ್ಲಿ ಮೇಲುಮಟ್ಟದ ಬಾವಿಗಳನ್ನು ಬಿಟ್ಟು ಆಳದ ಬಾವಿಯ ನೀರಿಗೆ ಬದಲಾಯಿಸಿದ್ದರು. ಆಮೇಲೆ ಹುಟ್ಟಿದ ಮಕ್ಕಳ ಹಲ್ಲೆಲ್ಲ ಕಂದು. ಐದೇ ಮೈಲಿ ದೂರದ ಪಕ್ಕದ ಊರಿನಲ್ಲಿ ಏನೂ ಇಲ್ಲ. ಮೆಕೇ ಮತ್ತು ಸರ್ಕಾರಿ ಆರೋಗ್ಯ ಇಲಾಖೆಯ ಗ್ರೋವರ್ ಕೆಂಫ್ ಈ ವರದಿ ಬರೆದಾಗ ಅದು ಆಲ್ಕೋವಾದ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಕಣ್ಣಿಗೆ ಬಿತ್ತು. ಅವನಿಗೆ ತಲೆಬಿಸಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷ ಅನ್ನೋ ಗುಲ್ಲು ಆಗಲೇ ಎದ್ದಿತ್ತು, ಈಗ ಹಲ್ಲಿನ ಆಪಾದನೆಯೂ ನಮ್ಮ ತಲೆಗೆ ಬಂದರೆ? ಹಾಗಾಗಿ ಆ ನೀರನ್ನು ಬಹಳ ಸೂಕ್ಷ್ಮವಾದ ಸ್ಪೆಕ್ಟ್ರೋಗ್ರಾಫ್ ವಿಧಾನದಲ್ಲಿ ಪರೀಕ್ಷೆ ಮಾಡಿಸಿದ. ಸಿಕ್ಕಿದ್ದು ಫ್ಲೋರೈಡ್! ನೀರಲ್ಲಿ ಇಷ್ಟು ಫ್ಲೋರೈಡ್ ಹೇಗೆ ಬರುತ್ತೆ ಅಂತ ಅವನಿಗೇ ನಂಬಿಕೆಯಾಗಲಿಲ್ಲ, ಇನ್ನೊಂದು ಸಲ ನೀರು ತರಿಸಿ ಮತ್ತೆ ಮಾಡಿಸಿದ. ಅದೇ ಉತ್ತರ. ಲೀಟರಿಗೆ 13.7 ಮಿಲಿಗ್ರಾಂ.

1931ರ ಜನವರಿಯಲ್ಲಿ ಚರ್ಚಿಲ್ ಮೆಕೇಗೆ ಪತ್ರ ಬರೆದು ವಿಷಯ ತಿಳಿಸಿದ, ಬೇರೆ ಕಲೆ ಬಿದ್ದ ಊರುಗಳ ನೀರನ್ನೂ ಕಳಿಸು ಅಂದ. ಎಲ್ಲದರಲ್ಲೂ ಫ್ಲೋರೈಡ್. ಕೊಲರಾಡೋ ಸ್ಪ್ರಿಂಗ್ಸ್ ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ. ಪೈಕ್ಸ್ ಪೀಕಿನ ಗ್ರಾನೈಟ್ ಕಲ್ಲಿನಲ್ಲಿರುವ ಫ್ಲೋರಿನ್ ಖನಿಜಗಳಿಂದ ಕರಗಿ ಬಂದದ್ದು. ಅದೇ 1931ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಮಿತ್ ಮತ್ತು ಜೊತೆಯವರು ಇಲಿಗಳಿಗೆ ಇಂಥ ನೀರು, ಫ್ಲೋರೈಡ್ ಕೊಟ್ಟು ಹಲ್ಲು ಕೆಡೋದನ್ನು ಪ್ರತ್ಯೇಕವಾಗಿಯೇ ತೋರಿಸಿದ್ದರು. ಉತ್ತರ ಆಫ್ರಿಕಾದಲ್ಲಿ ಕುರಿಗಳ ಹಲ್ಲು ಕೆಡೋದಕ್ಕೂ ಫ್ಲೋರೈಡೇ ಕಾರಣ ಅಂತ ವೆಲೂ ಎಂಬ ಫ್ರೆಂಚ್ ಪಶುವೈದ್ಯ ಅದೇ ವರ್ಷ ಹೇಳಿದ. ಮೂವತ್ತು ವರ್ಷ ಯಾರಿಗೂ ಸಿಗದ ಉತ್ತರ ಒಂದೇ ವರ್ಷದಲ್ಲಿ ಮೂರು ಕಡೆ! ಇತಿಹಾಸದಲ್ಲಿ ಹೀಗೆ ಆಗ್ತಾನೇ ಇರುತ್ತೆ ನೋಡಿ.

ಫ್ಲೋರೈಡ್ ಒಳಗೆ ಏನು ಮಾಡುತ್ತೆ ಅನ್ನೋದು ಆಮೇಲಿನ ದಶಕಗಳಲ್ಲಿ ನಿಧಾನವಾಗಿ ಬಿಡಿಸಿಕೊಂಡಿತು. ಅದು ಹೊಡೆಯೋದು ಮುಖ್ಯವಾಗಿ ಎರಡನೇ ಹಂತಕ್ಕೆ. ಮಾಗುವ ಕಾಲದಲ್ಲಿ ಹೊರಗೆ ಹೋಗಬೇಕಾದ ಅಮೆಲೋಜೆನಿನ್ ಸಕಾಲಕ್ಕೆ ಹೋಗಲ್ಲ, ಒಳಗೇ ಉಳಿಯುತ್ತೆ. ಸೆಂಟ್ರಿಂಗ್ ಬಿಚ್ಚಲೇ ಇಲ್ಲ. ಹರಳುಗಳಿಗೆ ದಪ್ಪ ಆಗೋಕೆ ಜಾಗ ಇಲ್ಲ. ಹಾಗಾಗಿ ಮೇಲ್ಮೈಯ ಕೆಳಗೆ ಸಣ್ಣ ಸಣ್ಣ ತೂತುಗಳ ಪದರ ಉಳಿದುಬಿಡುತ್ತೆ. ಬೆಳಕು ಅಲ್ಲಿ ಚದುರೋದ್ರಿಂದ ಸೀಮೆಸುಣ್ಣದ ಬಿಳಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಹಲ್ಲು ಹೊರಗೆ ಬರುವಾಗ ಅದು ಕಂದು ಇರೋದೇ ಇಲ್ಲ. ಬಾಯಿಗೆ ಬಂದ ಮೇಲೆ ಆ ತೂತುಗಳೊಳಗೆ ಬಣ್ಣ ಇಳಿದು ಕೂರುತ್ತೆ. ತೀರಾ ಜಾಸ್ತಿಯಾದರೆ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಉದುರಿ ಗುಳಿ ಬೀಳುತ್ತೆ. ಮೇಲಿನ ಬಾಚಿಹಲ್ಲಿಗೆ ಅತೀ ಅಪಾಯದ ಕಾಲ ಮಗುವಿಗೆ ಒಂದೂಕಾಲು ವರ್ಷದಿಂದ ಎರಡೂವರೆ ವರ್ಷದವರೆಗೆ, ಹೆಚ್ಚುಕಮ್ಮಿ.

ಈಗ ಮೊದಲು ಬಿಟ್ಟ ಎರಡನೇ ವಿಷಯ, ಹುಳುಕು ಕಡಿಮೆ ಅನ್ನೋದು. 1931ರಲ್ಲೇ ಅಮೆರಿಕಾ ಸರ್ಕಾರ ಟ್ರೆಂಡ್ಲಿ ಡೀನ್ ಎಂಬ ದಂತವೈದ್ಯನನ್ನು ಇದಕ್ಕೆ ಹಚ್ಚಿತು. ಎಷ್ಟು ಫ್ಲೋರೈಡ್ ಇದ್ದರೆ ಎಷ್ಟು ಕಲೆ ಅಂತ ಅಳೆಯೋಕೆ ಆತ 1934ರಲ್ಲಿ ಒಂದು ಸೂಚ್ಯಂಕ ಮಾಡಿದ, ಈಗಲೂ ಅದನ್ನು ಬಳಸ್ತಾರೆ. 21 ನಗರಗಳ 7,257 ಮಕ್ಕಳ ಬಾಯಿ ನೋಡಿ 1942ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕು ತುಂಬಾ ಕಮ್ಮಿ, ಕಣ್ಣಿಗೆ ರಾಚುವ ಕಲೆಯೂ ಇಲ್ಲ. ಇದನ್ನು ನಂಬಿ 1945ರ ಜನವರಿ 25ರಂದು ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಜಗತ್ತಿನಲ್ಲೇ ಮೊದಲ ಬಾರಿಗೆ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿತು. ಆಮೇಲೆ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಇಳಿಯಿತು. ಅಂದಿನಿಂದ ಅಲ್ಲಿ ಜಗಳವೂ ಶುರು. ಫ್ಲೋರೈಡಿನ ಉಪಕಾರ ಬಹುಪಾಲು ಹಲ್ಲು ಹೊರಗೆ ಬಂದ ಮೇಲೆ, ಮೇಲಿನಿಂದ ತಾಗಿದಾಗ ಆಗುವಂಥದ್ದು ಅಂತ ಈಗ ಗೊತ್ತು. ಪೇಸ್ಟಿನಲ್ಲಿ ಅದನ್ನು ಹಾಕೋದು ಅದಕ್ಕೇ. 2015ರಲ್ಲಿ ಅಮೆರಿಕಾ ತನ್ನ ಶಿಫಾರಸನ್ನು 0.7ಕ್ಕೆ ಇಳಿಸಿತು. 2025ರಲ್ಲಿ ಯೂಟಾ ಮತ್ತು ಫ್ಲೋರಿಡಾ ರಾಜ್ಯಗಳು ನೀರಿಗೆ ಸೇರಿಸೋದನ್ನೇ ಕಾನೂನು ಮಾಡಿ ನಿಲ್ಲಿಸಿದವು.

ಅವರ ಜಗಳ ಅವರಿಗೆ ಬಿಡೋಣ. ಅವರದ್ದು ಎಷ್ಟು ಸೇರಿಸಬೇಕು ಅನ್ನೋ ಪ್ರಶ್ನೆ, ನಮ್ಮದು ಹೇಗೆ ತೆಗೀಬೇಕು ಅನ್ನೋದು.

ನಮ್ಮ ದೇಶದಲ್ಲಿ ಇದು ದೊಡ್ಡದಾಗಿ ಬೆಳಕಿಗೆ ಬಂದಿದ್ದು 1937ರಲ್ಲಿ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರ ಹಲ್ಲು ಮಾತ್ರವಲ್ಲ, ಬೆನ್ನುಮೂಳೆಯೇ ಬಿಗಿದುಕೊಂಡು ಬಗ್ಗೋಕೆ ಆಗದ ಸ್ಥಿತಿ. ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಎಚ್. ಇ. ಶಾರ್ಟ್ ಮತ್ತು ಜೊತೆಗಿದ್ದವರು ಇದಕ್ಕೆ ಫ್ಲೋರೈಡ್ ಕಾರಣ ಅಂತ ಪ್ರಕಟಿಸಿದರು. ಚರ್ಚಿಲ್ ಪತ್ರ ಬರೆದು ಬರೀ ಆರು ವರ್ಷ ಆಗಿತ್ತು. 1955ರಲ್ಲಿ ಹೈದರಾಬಾದ್ ಸೀಮೆಯ ನಲ್ಗೊಂಡದ ವರದಿ ಬಂತು. ಮುಂದೆ ನಾಗಪುರದ ನೀರಿ ಸಂಸ್ಥೆಯವರು ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ವಿಧಾನ ಕಂಡುಹಿಡಿದಾಗ ಅದಕ್ಕೆ ನಲ್ಗೊಂಡ ಹೆಸರೇ ಅಂಟಿತು.

ನಮ್ಮ ಕಡೆ ಪಾವಗಡ, ಬಾಗೇಪಲ್ಲಿ, ಮುಂಡರಗಿ... ಪಟ್ಟಿ ಉದ್ದ ಇದೆ. ನೆಲದಡಿ ಇರೋದು ಅದೇ ಗ್ರಾನೈಟು, ಅದೇ ಥರದ ಹಳೇ ಕಲ್ಲು. ಆದರೆ ಕಲ್ಲು ಕೋಟ್ಯಂತರ ವರ್ಷದಿಂದ ಅಲ್ಲೇ ಇದೆಯಲ್ಲ, ನಮ್ಮ ಅಜ್ಜ ಅಜ್ಜಿಯರಿಗೆ ಯಾಕೆ ಇಷ್ಟೊಂದು ಕಾಡಲಿಲ್ಲ?

ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನಲ್ಲಿ ಪಾವಗಡ ಕಡೆಯ ಹುಡುಗನೊಬ್ಬ ಇದ್ದ. ನಗುವಾಗ ಬಾಯಿಗೆ ಕೈ ಅಡ್ಡ. ಸೀನಿಯರುಗಳು ಅವನಿಗೆ 'ಗುಟ್ಕಾ' ಅಂತ ಹೆಸರಿಟ್ಟಿದ್ದರು. ಕಾಫಿ ಕೂಡ ಕುಡಿಯದ ಹುಡುಗ, ದಿನಾ ಎರಡು ಹೊತ್ತು ಹಲ್ಲುಜ್ಜೋನು. ಕ್ಯಾಂಪಸ್ ಇಂಟರ್ವ್ಯೂ ಹತ್ತಿರ ಬಂದಾಗ ಕನ್ನಡಿ ಮುಂದೆ ನಿಂತು ತುಟಿ ತೆರೆಯದೆ ನಗೋದನ್ನ ಪ್ರಾಕ್ಟೀಸ್ ಮಾಡ್ತಿದ್ದ. ಒಂದು ರಾತ್ರಿ ಟೆರೇಸಿನ ಮೇಲೆ ಕೂತಾಗ ಹೇಳಿದ, "ನಮ್ಮೂರಾಗೆ ನಮ್ಮ ವಯಸ್ಸಿನ ಹುಡುಗ್ರದ್ದೆಲ್ಲ ಹಿಂಗೇ ಐತೆ ಕಣೋ. ನಮ್ಮಜ್ಜಿದು ಚೆನ್ನಾಗೈತೆ. ಎಲೆಅಡಿಕೆ ಕೆಂಪು ಐತೆ, ಆದ್ರೆ ಅವಳದ್ದು ಉಜ್ಜಿದ್ರೆ ಹೋಗ್ತೈತೆ, ನಂದು ಹೋಗಲ್ಲ."

ಆ ಮಾತಿನ ಅರ್ಥ ನಂಗೆ ಆದದ್ದು ಎಷ್ಟೋ ವರ್ಷ ಬಿಟ್ಟು, ಓಕ್ಲಿ ಮತ್ತು ಬಾಕ್ಸೈಟಿನ ಕಥೆ ಓದಿದಾಗ. ಅವನ ಅಜ್ಜಿ ಮಗುವಾಗಿದ್ದಾಗ ಕುಡಿದಿದ್ದು ಕೆರೆ ಪಕ್ಕದ ಸೇದೋ ಬಾವಿ ನೀರು. ಮಳೆ ನೀರು ಇಂಗಿ ಮೇಲುಮಟ್ಟದಲ್ಲೇ ನಿಂತದ್ದು. ಮೊಮ್ಮಗ ಕುಡಿದಿದ್ದು ನೂರಾರು ಅಡಿ ಕೆಳಗಿನ ಬೋರ್‌ವೆಲ್ ನೀರು, ಎಷ್ಟೋ ಕಾಲ ಕಲ್ಲಿನ ಬಿರುಕುಗಳಲ್ಲಿ ಕೂತು ಫ್ಲೋರೈಡನ್ನು ಕರಗಿಸಿಕೊಂಡದ್ದು. ಓಕ್ಲಿಯಲ್ಲಿ ಪೈಪು ಬಂತು, ಬಾಕ್ಸೈಟಿನಲ್ಲಿ ಆಳದ ಬಾವಿ ಬಂತು, ನಮ್ಮಲ್ಲಿ ರಿಗ್ ಬಂತು. ಮೂರೂ ಕಡೆ ತಂದವರು ಒಳ್ಳೇದಕ್ಕೇ ತಂದರು. ಕೆರೆ ಬಾವಿಗಳ ನೀರಿನಿಂದ ಕಾಲರಾ, ವಾಂತಿಭೇದಿ, ನಾರುಹುಣ್ಣು ಬರ್ತಿತ್ತು. ಬರಗಾಲದಲ್ಲಿ ಅದೂ ಇಲ್ಲ. ಬೋರ್‌ವೆಲ್ಲು, ಕೈಪಂಪು ಎಷ್ಟೋ ಮಕ್ಕಳ ಜೀವ ಉಳಿಸಿದೆ, ಅದನ್ನು ಮರೆತು ಬೈಯೋದು ಸರಿಯಲ್ಲ. ಆದರೆ ನೀರಿನಲ್ಲಿ ರೋಗಾಣು ಇದೆಯಾ ಅಂತ ನೋಡಿದ ನಾವು, ಕಲ್ಲಿನಿಂದ ಏನು ಬಂತು ಅಂತ ನೋಡೋದಕ್ಕೆ ತುಂಬಾ ತಡ ಮಾಡಿದೆವು. ಅಷ್ಟರಲ್ಲಿ ಕೆರೆಗಳು ಹೂಳು ತುಂಬಿದವು, ಬೋರು ಇನ್ನೂ ಆಳಕ್ಕೆ ಹೋಯಿತು.

ನಮ್ಮಲ್ಲಿ ಇನ್ನೆರಡು ಕಷ್ಟ ಜಾಸ್ತಿ. ಬಿಸಿಲಿನ ಸೀಮೆ, ಹಾಗಾಗಿ ನೀರು ಕುಡಿಯೋದೂ ಹೆಚ್ಚು. ಕೊಲರಾಡೋದ ಮಗುವಿಗಿಂತ ಪಾವಗಡದ ಮಗುವಿನ ಹೊಟ್ಟೆಗೆ ಅದೇ ಅಳತೆಯ ನೀರಿನಿಂದಲೇ ಹೆಚ್ಚು ಫ್ಲೋರೈಡ್ ಹೋಗುತ್ತೆ. ಇನ್ನೊಂದು ಪೌಷ್ಟಿಕತೆ. ಹಾಲು, ಕ್ಯಾಲ್ಸಿಯಂ ಕಮ್ಮಿ ಇರುವ ಮಗುವಿಗೆ ಪೆಟ್ಟು ಜೋರು. ಭಾರತದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವಿಶ್ವ ಆರೋಗ್ಯ ಸಂಸ್ಥೆಯದ್ದೂ 1.5. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆ ಅಂತಲೇ 2008-09ರಲ್ಲಿ ಒಂದು ಕಾರ್ಯಕ್ರಮ ಶುರುಮಾಡಿತು. ಈಗ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಬಹುದು. ಅವು ಕೆಟ್ಟು ನಿಂತರೆ ಮತ್ತೆ ಬೋರಿಗೇ. ದೊಡ್ಡವರಾದರೆ ನಾಲ್ಕು ತಿಂಗಳು ಹೇಗೋ ತಳ್ಳಬಹುದು. ಎರಡು ವರ್ಷದ ಮಗುವಿಗೆ ಆ ನಾಲ್ಕು ತಿಂಗಳೂ ಹಲ್ಲಿನ ಮೇಲೆ ದಾಖಲಾಗುತ್ತೆ. ಮೂಳೆಯ ಮಾತು ಬೇರೆ, ಅಲ್ಲಿ ದೊಡ್ಡವರಿಗೂ ವಿನಾಯಿತಿ ಇಲ್ಲ, ವರ್ಷಗಟ್ಟಲೆ ಕುಡಿದದ್ದು ಸೇರ್ತಾ ಹೋಗುತ್ತೆ.

ಇಷ್ಟು ಓದಿದವರಿಗೆ ಉಪಯೋಗಕ್ಕೆ ಬರೋ ಮೂರು ಮಾತು. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನೂ ಜಾಸ್ತಿಯೇ ಆಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಮಳೆ ನೀರಿನಲ್ಲಿ ಮಾತ್ರ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಮನೆ ಮೇಲಿನ ಮಳೆ ನೀರನ್ನು ಸರಿಯಾಗಿ ಹಿಡಿದಿಟ್ಟುಕೊಂಡು, ಮನೆಯಲ್ಲಿ ಚಿಕ್ಕ ಮಗು ಇದ್ದರೆ ಮೊದಲು ಅದಕ್ಕೆ ಮೀಸಲಿಟ್ಟರೆ ಅರ್ಧ ಯುದ್ಧ ಗೆದ್ದ ಹಾಗೆ.

ಮೆಕೇ 1901ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿ 90 ವರ್ಷ ದಾಟಿತು. ಉತ್ತರ ಗೊತ್ತಿದ್ದೂ ಮಕ್ಕಳ ಹಲ್ಲಿನ ಮೇಲೆ ಇನ್ನೂ ಕಂದು ಗೆರೆ ಬೀಳ್ತಿದೆ ಅಂದ್ರೆ ಉಳಿದಿರೋದು ವಿಜ್ಞಾನದ ಕೆಲಸ ಅಲ್ಲ, ನಲ್ಲಿ ಮತ್ತು ಪೈಪಿನ ಕೆಲಸ. ಮುಂದಿನ ಸಲ ಯಾರದ್ದಾದರೂ ಹಲ್ಲು ಹೀಗೆ ಕಂಡರೆ "ಗುಟ್ಕಾ ತಿಂತೀಯಾ" ಅಂತ ಕೇಳೋ ಬದಲು "ಯಾವೂರು ನಿಮ್ಮದು" ಅಂತ ಕೇಳಿ. ಸರಿಯಾದ ಪ್ರಶ್ನೆ ಅದೇ.

ನಿಮ್ಮೂರಿನ ಕಡೆ ಹೇಗಿದೆ? ಅಜ್ಜಿಯ ಹಲ್ಲು ಬೆಳ್ಳಗಿದ್ದು ಮೊಮ್ಮಕ್ಕಳದ್ದು ಕಂದಾದ ಊರು ನಿಮಗೂ ಗೊತ್ತಿದ್ದರೆ, ಅಲ್ಲಿ ಬೋರ್ ಯಾವಾಗ ಬಂತು ಅಂತ ಮನೆಯ ಹಿರಿಯರನ್ನು ಕೇಳಿ ಬರೀರಿ. ಕಾಯ್ತಿರ್ತೀನಿ.